ಒಂದು ಹಂಚು, ಇಬ್ಬರ ರೊಟ್ಟಿ

ಜೇವರ್ಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗಣಿತದ ಟೀಚರಿಗೆ ಬೆರಳಿನಿಂದ ಗಾಳಿಯಲ್ಲಿ ಲೆಕ್ಕ ಬರೆಯುವ ಚಟ. ಯಾರಾದರೂ ಒಬ್ಬರೇ ಬಟ್ಟೆ ಒಗೆಯುತ್ತಿದ್ದರೂ ಸಾಕು, "ಕೂಡಿ ಮಾಡಿದ್ರ ಜಲ್ದಿ ಆಗ್ತದ" ಎಂದು ಸೆರಗು ಸಿಕ್ಕಿಸಿ ಬಂದೇಬಿಡುತ್ತಿದ್ದರು. ಬೇಡ ಎಂದರೆ ಕೇಳುವವರಲ್ಲ.

ಎಳ್ಳಮಾವಾಸ್ಯೆಯ ಬೆಳಿಗ್ಗೆ, ಕೊಳಕೂರಿನ ನಮ್ಮ ಹೊಲಕ್ಕೆ ಒಯ್ಯಲು ನಾನು ಸಜ್ಜೆ ರೊಟ್ಟಿ ಬಡಿಯುತ್ತಿದ್ದೆ. ಟೀಚರ್ ಬಂದವರೇ ಗಾಳಿಯಲ್ಲಿ ಬರೆದರು.

"ನಿನಗ ಮೂರು ತಾಸು, ನನಗ ಆರು. ಇಬ್ರೂ ಕೂಡಿದ್ರ ಎರಡೇ ತಾಸು ಬೇ!"

"ಟೀಚರ್, ಹಂಚು ಒಂದೇ ಅದ ರೀ."

"ನೀ ಸುಮ್ನ ಬಡಿ."

ಬಡಿದೆವು. ಹಂಚಿನ ಮೇಲೆ ಒಂದು ರೊಟ್ಟಿ ಬೇಯುವುದರೊಳಗೆ ಬಡಿದಿಟ್ಟ ಉಳಿದವು ಒಣಗಿ, ಎತ್ತುವಾಗ ಹರಿದುಹೋದವು. ಅವನ್ನೆಲ್ಲ ಮುದ್ದೆ ಮಾಡಿ ಮತ್ತೆ ನಾದಿದೆ. ಹೊರಗೆ ಟಂಟಂ ಆಟೋದಲ್ಲಿ ಕುಳಿತ ಅತ್ತೆ ಕೂಗುತ್ತಲೇ ಇದ್ದರು. ನಾನೊಬ್ಬಳೇ ಬಡಿದಿದ್ದರೆ ಆಗಲೇ ಹೊಲ ಸೇರಿರುತ್ತಿದ್ದೆವು.

"ಹಂಚಿಂದು ಲೆಕ್ಕಾನೇ ಹಿಡೀಲಿಲ್ಲಲ್ರಿ ನೀವು!" ಎಂದು ರೇಗಿದೆ.

ಟೀಚರ್ ಹಿಟ್ಟು ಮೆತ್ತಿದ ಬೆರಳನ್ನು ಗಾಳಿಗೆತ್ತಿ ಯೋಚಿಸಿದರು. ಮುಖ ಅರಳಿತು.

"ತಡಿ ಬೇ, ನಮ್ಮ ಮನಿ ಹಂಚು ತರ್ತೀನಿ" ಎಂದವರೇ ಓಡಿದರು.

ನನ್ನ ಅಡುಗೆಮನೆಯಲ್ಲಿ ಒಲೆಯೂ ಒಂದೇ ಇತ್ತು.