ರಸ್ತೆ ನುಂಗಿದ ಬಚ್ಚಲು

ಕಳೆದ ತಿಂಗಳು ಗೌಂಡಿ ಫಕೀರಪ್ಪ ನಮ್ಮ ಬಚ್ಚಲಿನ ಗೋಡೆಯನ್ನು ಸೊಂಟದ ಮಟ್ಟಕ್ಕೆ ಕಟ್ಟಿ, ಕರಣೆ ತೊಳೆದುಕೊಂಡು ಹೊರಟ. ಊಟಕ್ಕಿರಬೇಕು ಅಂದುಕೊಂಡೆ. ಮೂರು ದಿನವಾದರೂ ಪತ್ತೆಯಿಲ್ಲ. (ಅಷ್ಟು ಉದ್ದದ ಊಟ ಮಂತ್ರಿಗಳೂ ಮಾಡುವುದಿಲ್ಲ.)

ಹಳೆಯ ಬಚ್ಚಲನ್ನು ಕೆಡವಿಯಾಗಿತ್ತು. ಹಾನಗಲ್ಲಿನಲ್ಲಿರುವ ಮಗಳು ಚೊಚ್ಚಲ ಹೆರಿಗೆಗೆ ನಮ್ಮೂರು ಹಿರೇಬೆಂಡಿಗೇರಿಗೆ ಬರುವವಳು. ಬಾಣಂತಿಗೆ, ಕೂಸಿಗೆ ಹಂಡೆಗಟ್ಟಲೆ ನೀರು ಎರೆಯುವುದೆಲ್ಲಿ? ಅಂಗಳದಲ್ಲೇ?

ಹುಡುಕಿಕೊಂಡು ಹೋದರೆ ಆಸಾಮಿ ಹಾನಗಲ್ಲ ರಸ್ತೆಯಲ್ಲಿ ಸಿಕ್ಕ. ಸರ್ಕಾರದ ಹೊಸ ರಸ್ತೆಗೆ ಮೋರಿ ಕಟ್ಟುತ್ತಿದ್ದ.

‘ಯಾಕೋ, ನನ್ನ ಬಚ್ಚಲದ ಗತಿ ಏನು?’

‘ಇಲ್ಲಿ ಎರಡು ಪಟ್ಟು ಪಗಾರ ಕೊಡಾಕತ್ತಾರ್ರೀ ಮಾಸ್ತರ. ನೀವೂ ಅಷ್ಟ ಕೊಡ್ರಿ, ಈಗಿಂದೀಗ ಬರ್ತೇನಿ.’

(ಅವನಿಗೆ ಮಗ್ಗಿ ಕಲಿಸಿದವನು ನಾನೇ. ತಪ್ಪಾಯಿತು.)

ನನ್ನ ಪೆನ್ಶನ್ ಎರಡು ಪಟ್ಟು ಆಗಿದೆಯೇ? ಉಸುಕಿನ ಟ್ರ್ಯಾಕ್ಟರಿನವನು ಈಗ ನನ್ನ ಫೋನ್ ಎತ್ತುವುದಿಲ್ಲ. ಶಿಗ್ಗಾಂವಿಯಲ್ಲಿ ಇಟ್ಟಂಗಿ ಕೇಳಿದರೆ, ಯಾವ ಟೆಂಡರ್ ಅಂತ ನನ್ನನ್ನೇ ಕೇಳುತ್ತಾರೆ. ರಸ್ತೆ ಕೆಲಸಗಾರರೆಲ್ಲ ಮುತ್ತಿಕೊಳ್ಳುವ ಚಹಾದಂಗಡಿಯಲ್ಲಿ ಮಿರ್ಚಿ ಭಜಿಯ ರೇಟು ಏರಿತು, ಮಿರ್ಚಿ ಸಣ್ಣದಾಯಿತು. ಸರ್ಕಾರ ಖರ್ಚು ಮಾಡಿದರೆ ಊರು ಉದ್ಧಾರವಾಗುತ್ತದೆ ಎಂದು ಟಿವಿಯಲ್ಲಿ ಟೈ ಕಟ್ಟಿಕೊಂಡವರು ಹೇಳುತ್ತಾರೆ. ನಮ್ಮಲ್ಲಿ ಸದ್ಯಕ್ಕೆ ಉದ್ಧಾರವಾಗಿರುವುದು ಬೆಲೆ ಮಾತ್ರ.

ಬೈಯೋಣವೆಂದರೆ ಬಾಯಿಲ್ಲ. ಕುಣಿ ಬಿದ್ದ ಹಳೆಯ ರಸ್ತೆಯಲ್ಲಿ ಮಗಳ ಊರಿಗೆ ಹೋಗಿಬಂದರೆ ನನ್ನ ನಡ ಬಿದ್ದುಹೋಗುತ್ತಿತ್ತು. ಮಗಳಾದರೂ ಸುಖವಾಗಿ ತವರಿಗೆ ಬರಲೆಂದು ಈ ರಸ್ತೆಗೆ ಮನವಿ ಬರೆದವನು ನಾನು. ಸಹಿಗಾಗಿ ಮನೆಮನೆ ತಿರುಗಿದವನು ನಾನು. ಭೂಮಿಪೂಜೆಯಲ್ಲಿ ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದವನೂ ನಾನೇ!

ಮೊನ್ನೆ ಬೀಗಿತ್ತಿಯ ಫೋನ್ ಬಂತು. ‘ಬಚ್ಚಲ ಇಲ್ಲದ ಮನೀಗೆ ಬಸುರಿ ಹುಡುಗೀನ್ನ ಹೆಂಗ ಕಳಿಸೂದ್ರಿ? ಬಾಣಂತನ ಇಲ್ಲೇ ಮಾಡ್ತೇವಿ, ಬಿಡ್ರಿ.’

ಬಹಳ ನಯವಾಗಿಯೇ ಹೇಳಿದರು. ಮಗಳ ಮೊದಲ ಬಾಣಂತನ ಮಾಡಲಾಗದ ತವರಿನ ಮಾನ ಎಲ್ಲಿ ಹೋಗುತ್ತದೆಂದು ನನ್ನ ಹೆಂಡತಿಯನ್ನು ಕೇಳಬೇಕು. ಕೇಳೋಣವೆಂದರೆ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು. ಅಂಟಿನುಂಡೆಯ ಡಬ್ಬಿ, ಮೈಗೆ ಹಚ್ಚುವ ಎಣ್ಣೆ, ಕೂಸಿಗೆ ಹೊದಿಸುವ ಹಳೆಯ ಸೀರೆಯ ದುಪ್ಪಡಿ ಗಂಟು ಕಟ್ಟಿಕೊಂಡು ಹಾನಗಲ್ಲಿನ ಬಸ್ಸು ಹತ್ತಿದಳು.

ಸಂಜೆ ಅವಳೇ ಫೋನ್ ಮಾಡಿದಳು. ‘ಮುಟ್ಟಿದ್ನಿ. ನಿಮ್ಮ ರಸ್ತಾ ಎಷ್ಟು ಆಗೇತೋ ಅಷ್ಟು ಭಾಳ ಚಲೋ ಆಗೇತಿ. ನಡಾ ಒಂದೀಟೂ ನೋಯಲಿಲ್ಲ.’

ಮಗಳು ತವರಿಗೆ ಬರಲೆಂದು ಬೇಡಿ ತಂದ ರಸ್ತೆಯಲ್ಲಿ ತವರೇ ಗಂಟು ಕಟ್ಟಿಕೊಂಡು ಮಗಳ ಮನೆಗೆ ಹೋಯಿತು. ಇದಕ್ಕೂ ನಾನು ಚಪ್ಪಾಳೆ ತಟ್ಟಬೇಕೇ?