ಮಾಲೂರಿನ ಕದಿರೇಶನೂ ಆಂಜಿನಪ್ಪನವರ ಹ್ಯಾಂಡಲೂ

ಕದಿರೇಶನಿಗೆ ಮಷೀನಿನ ಹುಚ್ಚು ಎಂದು ಮಾಲೂರಿನಲ್ಲಿ ಯಾರೂ ಅವನ ಎದುರಿಗೆ ಹೇಳುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಹೇಳುತ್ತಿದ್ದರು. ಹಗಲೆಲ್ಲ ಫ್ಯಾಕ್ಟರಿಯಲ್ಲಿ ಮಷೀನಿನ ಮುಂದೆ ನಿಂತು ದಣಿದು ಬಂದವನು ಮನೆಯಲ್ಲಿ ಮತ್ತೆ ಹೋಗಿ ನಿಲ್ಲುತ್ತಿದ್ದುದು ಮಷೀನಿನ ಮುಂದೆಯೇ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅವನದೊಂದು ಸಣ್ಣ ಮಿಲ್ಲಿಂಗ್ ಮಷೀನ್ ಇತ್ತು, ಕೈಯಲ್ಲಿ ತಿರುಗಿಸಿ ಲೋಹ ಕೆತ್ತುವ ಹಳೆಯ ಕಾಲದ್ದು. ಫ್ಯಾಕ್ಟರಿಯ ದುಬಾರಿ ಕಂಪ್ಯೂಟರ್ ಮಷೀನು ಮಾಡುವ ಕೆಲಸವನ್ನು ಇದರ ಕೈಯಲ್ಲೂ ಮಾಡಿಸಿಯೇ ತೀರುತ್ತೇನೆ ಎಂಬುದು ಅವನ ಹಟ. ಅದಕ್ಕಾಗಿ ಕೋಲಾರದ ಗುಜರಿ ಅಂಗಡಿಗಳನ್ನು ಜಾಲಾಡಿದ, ರಜೆ ಹಾಕಿ ಬೆಂಗಳೂರಿನ ಎಸ್.ಪಿ. ರೋಡ್ ಅಲೆದ, ಯಾರೋ ಬೇಡವೆಂದು ಎಸೆದ ಲ್ಯಾಪ್‌ಟಾಪನ್ನು ಹೊತ್ತು ತಂದ. ಆ ಶೆಡ್ಡಿಗೇ ಚಾಪೆ ದಿಂಬು ಕಳಿಸಿಬಿಡುತ್ತೇನೆ ಎಂದು ಗೊಣಗುತ್ತಲೇ ಹೆಂಡತಿ ಆಶಾರಾಣಿ ಕಾಫಿಯನ್ನು ಅಲ್ಲಿಗೇ ತಂದುಕೊಡುತ್ತಿದ್ದಳು.

ಮಷೀನು ಮೊದಲು ಆಂಜಿನಪ್ಪನವರದು. ಶ್ರೀನಿವಾಸಪುರದಲ್ಲಿ ಅವರದೊಂದು ವರ್ಕ್‌ಶಾಪ್ ಇತ್ತು. ಮೀಸೆ ಮೂಡುವ ಮೊದಲೇ ಅಲ್ಲಿಗೆ ಸೇರಿದ ಕದಿರೇಶ ಕೆಲಸ ಕಲಿತದ್ದು, ಬೈಸಿಕೊಂಡದ್ದು, ಮದುವೆಗೆ ಹೆಣ್ಣು ನೋಡಲು ಹೋದದ್ದು ಎಲ್ಲವೂ ಅವರ ಜೊತೆಯಲ್ಲೇ. ಅಂಥ ಆಂಜಿನಪ್ಪನವರಿಗೆ ಒಂದು ಬೆಳಗ್ಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ವರ್ಕ್‌ಶಾಪಿನ ಬಾಗಿಲು ಮುಚ್ಚಿತು. ಉಳಿದದ್ದನ್ನೆಲ್ಲ ಮಾರಿದರೂ ಇದೊಂದು ಮಷೀನನ್ನು ಮಾತ್ರ ಅವರು ಕದಿರೇಶನನ್ನು ಕರೆಸಿ ಒಪ್ಪಿಸಿದರು. ಅದಕ್ಕೆ ಮೋಟಾರು, ಕಂಪ್ಯೂಟರು ಏನು ಬೇಕಾದರೂ ಹಾಕಿಕೋ ಎಂದರು.

"ಹ್ಯಾಂಡಲ್ ಮಾತ್ರ ಬಿಚ್ಬೇಡ ಕಣೋ. ನಾಳೆ ಕೈ ಬಂದ್ರೆ ನಾನೂ ತಿರುಗಿಸ್ಬೇಕಲ್ಲ" ಎಂದರು.

ಮಾತು ಕೊಡುವುದು ಸುಲಭವಾಗಿತ್ತು, ನಡೆಸುವುದು ಅಷ್ಟು ಸುಲಭವಿರಲಿಲ್ಲ. ಇಂಥ ಮಷೀನಿಗೆ ಕಂಪ್ಯೂಟರ್ ಕಟ್ಟುವವರು ಮೊದಲು ಮಾಡುವ ಕೆಲಸವೇ ಹ್ಯಾಂಡಲ್ ಕಿತ್ತು ಆ ಜಾಗಕ್ಕೆ ಮೋಟಾರು ಕೂರಿಸುವುದು. ಕದಿರೇಶ ಹಾಗೆ ಮಾಡಲಿಲ್ಲ. ತಿರುಗುವ ಶಾಫ್ಟು ಎರಡೂ ಕಡೆಗೆ ಚಾಚಿಕೊಂಡಿರುವ ಮೋಟಾರಿಗಾಗಿ ತಿಂಗಳುಗಟ್ಟಲೆ ಕಾದ. ಮುಂದಿನ ಶಾಫ್ಟನ್ನು, ಲೋಹ ಕೂರಿಸುವ ಟೇಬಲ್ಲನ್ನು ಸರಿಸುವ ಸ್ಕ್ರೂಗೆ ಜೋಡಿಸಿ, ಹಿಂದಿನ ಶಾಫ್ಟಿಗೆ ಆಂಜಿನಪ್ಪನವರ ಹ್ಯಾಂಡಲನ್ನೇ ಹಾಕಿದ. ಲ್ಯಾಪ್‌ಟಾಪಿನಲ್ಲಿ ಗುಂಡಿ ಒತ್ತಿದರೆ ಟೇಬಲ್ಲು ತಾನಾಗಿ ಸರಿಯುತ್ತಿತ್ತು, ಹ್ಯಾಂಡಲೂ ತಾನಾಗಿ ತಿರುಗುತ್ತಿತ್ತು. ಶಿವಾರಪಟ್ಟಣದಿಂದ ಬಂದ ಶಿಲ್ಪಿಯೊಬ್ಬರಿಗೆ ಹಿತ್ತಾಳೆಯ ನಾಮಫಲಕ ಕೆತ್ತಿಕೊಟ್ಟ ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಅಷ್ಟು ಕಷ್ಟಪಟ್ಟು ಉಳಿಸಿದ ಹ್ಯಾಂಡಲನ್ನು ಅವನು ಮಾತ್ರ ಒಂದು ದಿನವೂ ಮುಟ್ಟಲಿಲ್ಲ. ಅವನಿಗೆ ಅದರ ಅಗತ್ಯವೇ ಬೀಳಲಿಲ್ಲ.

ಅಷ್ಟರಲ್ಲಿ ಆಂಜಿನಪ್ಪನವರ ಕೈ ನಿಧಾನವಾಗಿ ಬಂತು. ಎಲ್ಲ ಸರಿಹೋಗಿದೆ, ಕೈಗೆ ಸ್ವಲ್ಪ ಕೆಲಸ ಕೊಡಿ ಎಂದು ಡಾಕ್ಟರೇ ಹೇಳಿದರು. ನಂಬಿಕೆ ಇಲ್ಲದ್ದು ಆಂಜಿನಪ್ಪನವರೊಬ್ಬರಿಗೆ. ವಾರಕ್ಕೆರಡು ದಿನ ನನ್ನ ಶೆಡ್ಡಿಗೆ ಬನ್ನಿ, ಇಬ್ಬರೂ ಸೇರಿ ಮಾಡೋಣ ಎಂದು ಕದಿರೇಶ ಫೋನು ಮಾಡಿದಾಗಲೆಲ್ಲ ಅವರು ದಸರಾ ಬರಲಿ ಎನ್ನುತ್ತಿದ್ದರು. ಅವರ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿಯಿತ್ತು. ಆಯುಧಪೂಜೆಯ ದಿನ ಮಷೀನಿಗೆ ರಜೆ. ಮರುದಿನ ವಿಜಯದಶಮಿಯ ಬೆಳಗ್ಗೆ ಹಿರಿಯರು ಹ್ಯಾಂಡಲನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಬೇಕು, ಆಮೇಲೆಯೇ ಕೆಲಸ. ಈ ದಸರಾಕ್ಕೆ ಆ ಸುತ್ತು ನನ್ನ ಕೈಯಲ್ಲಿ ತಿರುಗಿದರೆ ಕೆಲಸಕ್ಕೆ ಬರುತ್ತೇನೆ, ಇಲ್ಲದಿದ್ದರೆ ನನ್ನನ್ನು ಮತ್ತೆ ಕರೆಯಬೇಡ ಎಂದು ಆಂಜಿನಪ್ಪನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ವಿಜಯದಶಮಿಯ ಬೆಳಗ್ಗೆ ಅವರು ಹೆಂಡತಿ ಶಾಮಲಮ್ಮನ ಜೊತೆ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಅಕ್ಕಪಕ್ಕದವರೂ ಬಂದು ಶೆಡ್ಡಿನ ಬಾಗಿಲಲ್ಲಿ ನೆರೆದಿದ್ದರು. ಕದಿರೇಶನಿಗೆ ಅಂದು ಸಡಗರ ಸ್ವಲ್ಪ ಹೆಚ್ಚೇ ಆಗಿತ್ತು. ಗುರುಗಳು ಸುತ್ತು ತಿರುಗಿಸಿದ ಕೂಡಲೇ ಅವರ ಹೆಸರನ್ನೇ ಹಿತ್ತಾಳೆಯ ಮೇಲೆ ಕೆತ್ತಿ ತೋರಿಸಬೇಕೆಂದು ಬೆಳಗ್ಗೆಯೇ ತಗಡು ಬಿಗಿದು, ಅಳತೆ ಹೊಂದಿಸಿ, ಕರೆಂಟು ಹಾಕಿಟ್ಟಿದ್ದ.

ಆಂಜಿನಪ್ಪನವರು ಕೈಮುಗಿದು ಹ್ಯಾಂಡಲ್ ಹಿಡಿದರು. ಅದು ಅಲುಗಲಿಲ್ಲ. ಹಿಡಿತ ಬದಲಿಸಿ ಮತ್ತೆ ನೋಡಿದರು. ಎಡಗೈಯನ್ನೂ ಸೇರಿಸಿದರು. ಹಣೆಯಲ್ಲಿ ಬೆವರು ಮೂಡಿತೇ ಹೊರತು ಹ್ಯಾಂಡಲ್ ಮಿಸುಕಲಿಲ್ಲ. ಬಾಗಿಲಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಪಾಪ, ಕೈ ಇನ್ನೂ ಬಂದಿಲ್ಲ ಎಂದು ಕದಿರೇಶ ಅಂದುಕೊಂಡ. ಹತ್ತಿರ ಹೋಗಿ ಅವರ ಕೈಯನ್ನು ಮೆಲ್ಲಗೆ ಬಿಡಿಸಿದ.

"ಬಿಡಿ ಅಣ್ಣಾ, ನೀವು ಆಯಾಸ ಮಾಡ್ಕೋಬೇಡಿ. ನಾನು ನೋಡ್ಕೋತೀನಿ" ಎಂದು ಗುಂಡಿ ಒತ್ತಿದ.

ಮಷೀನು ಸರಸರನೆ ಸರಿದು ಕೆತ್ತತೊಡಗಿತು. ಹ್ಯಾಂಡಲ್ ತಾನೇ ತಾನಾಗಿ ತಿರುಗಿತು. ಆಂಜಿನಪ್ಪನವರು ಅದನ್ನು ಸ್ವಲ್ಪ ಹೊತ್ತು ನೋಡಿ, ಚೆನ್ನಾಗಿ ಮಾಡಿದ್ದೀಯ ಎಂದು ಹೇಳಿ, ಊಟಕ್ಕೂ ನಿಲ್ಲದೆ ಬಸ್ಸಿಗೆ ಹೊರಟರು.

ಸಂಜೆ ಕರೆಂಟು ಆರಿಸಿ ಕದಿರೇಶ ಮಷೀನು ಒರೆಸುತ್ತಿದ್ದ. ಬಟ್ಟೆ ತಗುಲಿ ಹ್ಯಾಂಡಲ್ ಗಿರ್ರನೆ ತಿರುಗಿತು. ಅವನು ಬಟ್ಟೆ ಬಿಟ್ಟು ಕೈಯಿಂದಲೇ ಇನ್ನೊಮ್ಮೆ ತಿರುಗಿಸಿ ನೋಡಿದ. ಇಂಥ ಮೋಟಾರು ಕರೆಂಟು ಇರುವಷ್ಟು ಹೊತ್ತೂ ಸುಮ್ಮನಿದ್ದರೂ ಸ್ಕ್ರೂವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಕೈಯಲ್ಲಿ ತಿರುಗಿಸಲು ಪೈಲ್ವಾನನಿಂದಲೂ ಆಗದು. ಅದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಬಂದವರಿಗೆಲ್ಲ ಜಂಬದಿಂದ ವಿವರಿಸುತ್ತಿದ್ದವನೇ ಅವನು. ಆ ಹೊತ್ತಿನಲ್ಲಿ ಮಾತ್ರ ಮಷೀನನ್ನು ಅನುಮಾನಿಸುವ ಬದಲು ಮನುಷ್ಯನನ್ನು ಅನುಮಾನಿಸಿದ್ದ. ಅದನ್ನು ನೆನೆದರೆ ಇವತ್ತಿಗೂ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತದೆ.

ಫೋನಿನಲ್ಲಿ ಹೇಳಿದರೆ ಆಂಜಿನಪ್ಪನವರು ಹೂಂ ಎಂದರು, ಅಷ್ಟೆ. ಮುಂದಿನ ಭಾನುವಾರ ಕದಿರೇಶ ಮೋಟಾರನ್ನು ಹ್ಯಾಂಡಲ್ ಸಮೇತ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಶ್ರೀನಿವಾಸಪುರಕ್ಕೆ ಹೋದ. ಜಗಲಿಯ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದ. ತಪ್ಪು ನನ್ನದು, ನಿಮ್ಮ ಕೈಯದಲ್ಲ ಎಂದು ಕಾಲು ಹಿಡಿದ. ಆಂಜಿನಪ್ಪನವರು ಆ ಹ್ಯಾಂಡಲನ್ನು ಎಡಗೈಯ ಒಂದು ಬೆರಳಲ್ಲಿ ತಿರುಗಿಸಿ ನಕ್ಕರು. ಇದನ್ನು ಮೊಮ್ಮಗಳೂ ತಿರುಗಿಸುತ್ತಾಳೆ ಎಂದರು. ಹಾಗಾದರೆ ಮಾಲೂರಿಗೆ ಬನ್ನಿ, ಕರೆಂಟು ತೆಗೆದಿಟ್ಟು ಇನ್ನೊಮ್ಮೆ ನೋಡೋಣ ಎಂದು ಕದಿರೇಶ ಅಂಗಲಾಚಿದ.

"ಪೋನೀಲೇ ಕದಿರೇಶಾ, ಹೋಗ್ಲಿ ಬಿಡು. ನನ್ ಸಮಾಧಾನಕ್ಕೆ ಒಂದು ಸುಳ್ಳು ಕಟ್ಕೊಂಡು ಇಷ್ಟು ದೂರ ಬಂದ್ಯಲ್ಲ, ಅದೇ ಸಾಕು. ನೀನೇ ಅವತ್ತು ನನ್ ಕೈ ಬಿಡಿಸ್ಲಿಲ್ವಾ?"

ಅಷ್ಟರಲ್ಲಿ ಶಾಮಲಮ್ಮ ಇಬ್ಬರಿಗೂ ತಟ್ಟೆ ತಂದಿಟ್ಟರು. ಕದಿರೇಶನ ಮುಂದೆ ಒಂದನ್ನು ಸರಿಸಿ, ಇನ್ನೊಂದನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಗಂಡನ ಪಕ್ಕದಲ್ಲಿ ಕೂತರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅವರ ಬಾಯಿಗೆ ಇಟ್ಟರು. ಕದಿರೇಶ ನೋಡುತ್ತಿರುವುದನ್ನು ಕಂಡು ತಲೆ ತಗ್ಗಿಸಿದರು.

"ಹಬ್ಬದ ತನಕ ಅವ್ರೇ ತಿಂತಿದ್ರು ಕಣಪ್ಪ" ಎಂದರು.