ಉಸುಕು ಹಿಡಿಯುವ ಬಳ್ಳಿ

ಒಳಗೆ ಗುರೆಳ್ಳು ಹುರಿಯುವ ವಾಸನೆ ಬರುತ್ತಿದೆ. ಅಕ್ಕನ ಮಗಳು ಗಂಗಾವತಿಯಿಂದ ಬಂದಿದ್ದಾಳೆ. ಬಂದಾಗಲೆಲ್ಲ ನನಗಾಗಿ ರೊಟ್ಟಿಗೆ ಹಚ್ಚಿಕೊಳ್ಳಲು ಗುರೆಳ್ಳು ಹಿಂಡಿ ಕುಟ್ಟಿಟ್ಟು ಹೋಗುತ್ತಾಳೆ. ಹೊಟ್ಟೆಗೆ ಆಗುವುದಿಲ್ಲ ಎಂದರೂ ಕೇಳುವುದಿಲ್ಲ. ಕೊಪ್ಪಳ ಸೀಮೆಯಲ್ಲಿ ಹುಟ್ಟಿ ಗುರೆಳ್ಳು ಹಿಂಡಿ ಬೇಡವೆನ್ನುವವನನ್ನು ನೀವು ನೋಡಿರಲಿಕ್ಕಿಲ್ಲ. ನಾನಿದ್ದೇನೆ. ನಿಜ ಹೇಳಬೇಕೆಂದರೆ, ಹೊಟ್ಟೆಗೂ ಅದಕ್ಕೂ ಸಂಬಂಧವಿಲ್ಲ.

ಆಗ ನಿಜಾಮರ ಆಳ್ವಿಕೆ. ನಮ್ಮದು ತಾವರಗೇರಾ ಹತ್ತಿರದ ಹಳ್ಳಿ. ಅಕ್ಕನ ಗಂಡ ಗೋವಾದ ಬಂದರದಲ್ಲಿ ರೈಲು ಹಳಿಯ ಕೆಲಸಕ್ಕಿದ್ದರು. ಅಲ್ಲಿ ಅಕ್ಕನ ಮೊದಲ ಕೂಸು, ಐದು ತಿಂಗಳ ಗಂಡುಮಗು, ಜ್ವರ ಬಂದು ತೀರಿಕೊಂಡಿತು. ಸಮುದ್ರದ ದಂಡೆಯ ಉಸುಕಿನಲ್ಲೇ ಮಣ್ಣು ಮಾಡಿದರು. ಅಲ್ಲಿ ಗಾಳಿಗೆ ಉಸುಕು ದಿನಕ್ಕೊಂದು ಕಡೆ ಸರಿಯುತ್ತದಂತೆ. ಆದರೆ ಆ ಗುಡ್ಡೆ ಸರಿಯಲಿಲ್ಲ. ಒಂದು ಬಳ್ಳಿ ಬಂದು ಅದರ ಮೇಲೆ ಹರಡಿ ಉಸುಕನ್ನು ಹಿಡಿದುಕೊಂಡಿತು. ಅಕ್ಕನ ಗಂಡನಿಗೆ ಗುಂತಕಲ್ಲಿಗೆ ವರ್ಗವಾಯಿತು. ಹೊಸ ಮನೆಗೆ ಅಂಗಳವಿರಲಿಲ್ಲ. ಅಕ್ಕ ಬಳ್ಳಿಯ ಎರಡು ಗೆಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತವರಿಗೆ ತಂದಳು.

ಅಂಥದನ್ನು ನಾನು ಕಂಡಿರಲಿಲ್ಲ. ಹೂವು ಸೇವಂತಿಗೆಯ ಕುಲದ್ದು, ಹಳದಿ. ಆದರೆ ಗಿಡ ಮೇಲೇಳುವುದೇ ಇಲ್ಲ, ನೆಲದ ಮೇಲೆ ತೆವಳುತ್ತದೆ. ಗೆಣ್ಣು ಗೆಣ್ಣಿಗೂ ಬೇರು. ಬೇರು ಬಿಟ್ಟಲ್ಲಿ ಮೂಲಂಗಿ ಎಲೆಯಂತೆ ಅಂಚು ಕಚ್ಚಿದ ದಪ್ಪ ಎಲೆಗಳು. ಬೆಳಗಿನ ಬಿಸಿಲಿಗೆ ಅರಳಿದ ಹೂವು ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಎಲೆ ಮುರಿದರೆ ಹಾಲು. ಬೀಜಕ್ಕೆ ಬಿಳಿ ಕೂದಲು, ಊದಿದರೆ ಹಾರಿಹೋಗುತ್ತದೆ. ನಮ್ಮ ಎರೆಮಣ್ಣಿನಲ್ಲಿ ಅದು ಬಾಳದೆಂದು ಅಕ್ಕ ಹಳ್ಳದ ಉಸುಕು ಹೊತ್ತು ತಂದು, ಹಿತ್ತಲಿನ ತಗ್ಗು ತುಂಬಿ, ಅದರಲ್ಲಿ ನೆಟ್ಟಳು. ಹೋಗುವಾಗ ನನಗೆ ಹೇಳಿದ್ದು ಇಷ್ಟೇ.

"ದಿನಾ ಬಿಟ್ಟ ದಿನಾ ಸವಳು ಬಾವಿದು ಒಂದ ಕೊಡ ನೀರ ಹಾಕು, ತಮ್ಮಾ. ಬುಡಕ್ಕ ನೀರ ನಿಂದರಾಕ ಬಿಡಬ್ಯಾಡ."

ಉಪ್ಪುನೀರಿನ ಆ ಬಾವಿ ಊರಾಚೆ. ನನಗೆ ಆಗ ಇಪ್ಪತ್ತು. ಸಾಲೆ ಎರಡನೆಯ ಇಯತ್ತೆಗೇ ಮುಗಿದಿತ್ತು, ಮೀಸೆ ಮಾತ್ರ ಚೆನ್ನಾಗಿ ಬಂದಿತ್ತು. ಮೂರು ಸಲ ಕೊಡ ಹೊತ್ತೆ. ನಾಲ್ಕನೆಯ ಸಲ ಕಟ್ಟೆಯ ಮೇಲೆ ಕುಳಿತಿದ್ದ ಗೆಳೆಯನೊಬ್ಬ, "ಹಾದಿ ಬಿಡ್ರೆಪಾ, ಗೌಡರ ಸೊಸಿ ನೀರ ತರಾಕ ಹೊಂಟಾಳ" ಎಂದ. ಉಳಿದವರೆಲ್ಲ ಎದ್ದು ಕೈಮುಗಿದು ಹಾದಿ ಬಿಟ್ಟರು. ಅಂದೇ ಕೊಡ ಮೂಲೆಗಿಟ್ಟೆ. ನನ್ನ ಜಾಣತನ ಕೇಳಿ: ಬಚ್ಚಲಿನ ನೀರನ್ನೇ ಸಣ್ಣ ಕಾಲುವೆ ತೋಡಿ ಬಳ್ಳಿಯ ಬುಡಕ್ಕೆ ತಿರುಗಿಸಿದೆ. ಹೊರುವ ಕೆಲಸವೇ ಇಲ್ಲ. ಎರಡು ವಾರಕ್ಕೆ ಬೇರು ಕೊಳೆತು, ಎಳೆದರೆ ಬಳ್ಳಿ ಹಾಗೇ ಕೈಗೆ ಬಂತು.

ಅಕ್ಕ ಯಾರಿಂದಲೋ ಕಾರ್ಡು ಬರೆಸಿ ಕೇಳಿದಳು. ಚೆನ್ನಾಗಿ ಹಬ್ಬಿದೆ ಎಂದು ಬರೆದೆ. ಹಾಗಾದರೆ ದೀಪಾವಳಿಗೆ ನೋಡಲು ಬರುತ್ತೇನೆ ಎಂದು ಉತ್ತರ ಬಂತು.

ಹೊಲದಲ್ಲಿ ಗುರೆಳ್ಳು ಹೂಬಿಟ್ಟು ಹಳದಿಯಾಗಿತ್ತು. ಮೂರು ಗಿಡಗಳನ್ನು ಬೇರುಸಹಿತ ಕಿತ್ತು ತಂದು ಆ ಉಸುಕಿನಲ್ಲಿ ಊರಿದೆ. ಅದು ಸೆಟೆದು ನಿಲ್ಲುವ ಜಾತಿ. ಕಾಂಡದ ಮೇಲೆ ಕಲ್ಲು ಹೇರಿ ನೆಲಕ್ಕೆ ಮಲಗಿಸಿದೆ.

ಅಕ್ಕ ಬಂದವಳೇ ಹಿತ್ತಲಿಗೆ ಹೋಗಿ ಕುಳಿತಳು. ಒಂದು ಎಲೆ ಮುರಿದಳು.

"ಹಾಲ ಬರವಲ್ದಲ್ಲೋ."

"ಬಿಸಲಿಗೆ ಬತ್ತಿರಬೇಕಕ್ಕಾ."

"ಇರಬೇಕು."

ಆಮೇಲೆ ಒಂದೊಂದೇ ಕಲ್ಲನ್ನು ಎತ್ತಿ ಆಚೆ ಇಟ್ಟಳು.

"ನಿಂದರಲಿ ಬಿಡು. ಅದಕ್ಯಾಕ ತ್ರಾಸು?"

ಬೈದಿದ್ದರೆ ಬಾಯಿ ಬಿಡುತ್ತಿದ್ದೆನೇನೋ. ಅವಳು ಬೈಯಲಿಲ್ಲ. ಆ ಕೂಸಿನ ಮಾತನ್ನೂ ಮತ್ತೆ ಎತ್ತಲಿಲ್ಲ. ಅವಳೇ ಎತ್ತದ ಮಾತನ್ನು ನಾವು ಯಾಕೆ ಎತ್ತಬೇಕೆಂದು ನಾವೂ ಸುಮ್ಮನಾದೆವು. ಮುಂದೆ ಹುಟ್ಟಿದ ಮಗಳನ್ನು ನೆಂಟರೆಲ್ಲ ಚೊಚ್ಚಲ ಮಗಳು ಎಂದೇ ಕರೆದರು. ಅಕ್ಕ ತಿದ್ದಲಿಲ್ಲ, ತಿದ್ದದೆಯೇ ಹೋಗಿಬಿಟ್ಟಳು.

ಆ ಮಗಳೇ ಈಗ ಒಲೆಯ ಮುಂದೆ ಇರುವವಳು. ಅವಳ ತಲೆಯೂ ನರೆತಿದೆ. ಅವಳಿಗೆ ತೋರಿಸಿ ತಪ್ಪೊಪ್ಪಿಕೊಳ್ಳೋಣವೆಂದು ಇದನ್ನು ಬರೆಯಲು ಕುಳಿತೆ. ಬರೆಯುತ್ತ ಗೊತ್ತಾಯಿತು, ಬಳ್ಳಿಯ ಸುದ್ದಿಗೆ ಬರುವ ಮೊದಲು ಅವಳಿಗೆ ಹೇಳಬೇಕಾದದ್ದು ಬೇರೆಯೇ ಇದೆ. ಈ ಹಾಳೆ ಇಲ್ಲೇ ಇರಲಿ. ಒಳಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತು ಬಾಯಿಂದಲೇ ಹೇಳುತ್ತೇನೆ: ನಿನಗೊಬ್ಬ ಅಣ್ಣ ಇದ್ದ. ಅವನಿಗೆ ಸಂಗಪ್ಪ ಎಂದು ಹೆಸರಿಟ್ಟಿದ್ದರು.